ಧನುರ್ಮಾಸದಲ್ಲಿ ಫ್ಯಾನು

ನಮ್ಮ ಮನೆಯ ದೊಡ್ಡ ಜಗಳಗಳು ಆಸ್ತಿಗೋ ಅಡುಗೆಗೋ ಆದವಲ್ಲ, ಒಂದು ಫ್ಯಾನಿನ ಸ್ವಿಚ್ಚಿಗೆ ಆದವು. ನಾನು ಹಾಕುವುದು, ಅತ್ತೆ ಆರಿಸುವುದು. ನಾನು ಮತ್ತೆ ಹಾಕುವುದು, ಅವರು ಕಂಬಳಿಯೊಳಗಿನಿಂದಲೇ ಗೊಣಗುವುದು: "ಧನುರ್ಮಾಸದಲ್ಲಿ ಫ್ಯಾನು! ಯಾವ ಸೀಮೇಲೈತವ್ವ ಇದು?" ಅತ್ತೆ ಒಮ್ಮೆ ಕತ್ತಲಲ್ಲಿ ಎದ್ದು ಜಾರಿ ಬಿದ್ದಿದ್ದರು. ಅಂದಿನಿಂದ ನಾನು ಅವರ ಕೋಣೆಯಲ್ಲೇ ಮಲಗುತ್ತಿದ್ದೆ. ಕೋಣೆ ಒಂದೇ, ಫ್ಯಾನು ಒಂದೇ, ಹವಾಮಾನ ಮಾತ್ರ ಎರಡು. ಪಕ್ಕದ ಕೋಣೆಯಿಂದ ನಮ್ಮ ಮನೆಯವರು "ಇಬ್ರೂ ಸುಮ್ನಿರ್ತೀರಾ?" ಎಂದು ಕೂಗುವವರೆಗೆ ನಮ್ಮದು ನಿಲ್ಲುತ್ತಿರಲಿಲ್ಲ.

ನನಗಾಗ ಐವತ್ತು ಹತ್ತಿರ ಬಂದಿತ್ತು. ಹೊಳೆನರಸೀಪುರದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರು. ಮುಟ್ಟು ಒಂದು ತಿಂಗಳು ಬಂದರೆ ಎರಡು ತಿಂಗಳು ನಾಪತ್ತೆ. ಬೋರ್ಡಿನ ಮೇಲೆ ಬರೆಯುತ್ತಾ ನಿಂತಿರುವಾಗಲೇ ಎದೆಯಿಂದ ಕತ್ತಿಗೆ, ಕತ್ತಿನಿಂದ ಕಿವಿಗೆ ಬಿಸಿ ಏರುತ್ತಿತ್ತು. ರವಿಕೆ ಒದ್ದೆ. ಸ್ವಲ್ಪ ಹೊತ್ತಿಗೆಲ್ಲ ಏನೂ ಆಗಿಲ್ಲವೆಂಬಂತೆ ಇಳಿದುಹೋಗುತ್ತಿತ್ತು. ಹಾಸನದ ಡಾಕ್ಟರಮ್ಮನ ಹತ್ತಿರ ತೋರಿಸಿದ್ದಾಯಿತು. "ಎಲ್ಲಾ ಹೆಂಗಸರಿಗೂ ಆಗೋದೇ. ಎರಡು ಮೂರು ವರ್ಷ, ಆಮೇಲೆ ಹೋಗ್ಬಿಡುತ್ತೆ" ಎಂದು ಆಕೆ ನಕ್ಕು ಮಾತ್ರೆ ಬರೆದುಕೊಟ್ಟರು. ವಾಪಸು ಬರುವಾಗ ಬಸ್ಸಿನಲ್ಲಿ ನಮ್ಮ ಮನೆಯವರ ಮುಖ ನೋಡಬೇಕಿತ್ತು, ಕೇಸು ಗೆದ್ದವರ ಹಾಗೆ ಕೂತಿದ್ದರು.

"ಸದ್ಯ, ಗೊತ್ತಾಯ್ತಲ್ಲ. ಸೆಕೆ ಹೊರಗಿಲ್ಲ, ನಿನ್ನ ಮೈಯಲ್ಲೇ ಇದೆ" ಎಂದರು.

"ನಾನು ಇಲ್ಲ ಅಂದ್ನಾ? ಮೈಯಲ್ಲೂ ಇದೆ, ಹೊರಗೂ ಇದೆ ಅಂತಿದೀನಿ."

"ಡಾಕ್ಟ್ರು ಅಂಗಂದ್ರಾ?"

ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. ಆ ಮಾತ್ರೆಯ ಚೀಟಿಯನ್ನು ಅಲ್ಲೇ ಕಿಟಕಿಯಿಂದಾಚೆ ಎಸೆದುಬಿಡಬೇಕು ಅನ್ನಿಸಿತು. ಮೈಯ ಬಿಸಿ ನನಗೆ ಗೊತ್ತಿಲ್ಲವೇ? ಅದು ಬರುತ್ತದೆ, ಬೆವರಿಸುತ್ತದೆ, ಹೋಗುವಾಗ ಮೈಯನ್ನು ತಣ್ಣಗೆ ನಡುಗಿಸಿ ಹೋಗುತ್ತದೆ. ನಾನು ಹೇಳುತ್ತಿದ್ದುದು ಬೇರೆ. ಬಿಸಿ ಇಳಿದ ಮೇಲೂ ದಿಂಬನ್ನು ಮಗುಚಿ ಹಾಕಿದರೆ ಆ ಕಡೆಯೂ ತಣ್ಣಗಿರುತ್ತಿರಲಿಲ್ಲ. ಬೆಳಗಿನ ಜಾವ ಗಾರೆ ನೆಲದ ಮೇಲೆ ಬರಿಗಾಲಿಟ್ಟರೆ ಮೊದಲೆಲ್ಲ ಹಿಮ್ಮಡಿ ಜುಂ ಅನ್ನುತ್ತಿತ್ತು, ಈಗ ಏನೂ ಇಲ್ಲ. ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನು ಚನ್ನರಾಯಪಟ್ಟಣದಿಂದ ಶ್ರವಣಬೆಳಗೊಳದ ಕಡೆ ಹೋಗುವ ಮೊದಲನೇ ಬಸ್ಸು ಹಿಡಿಯುತ್ತಿದ್ದೆ. ಆಗ ಧನುರ್ಮಾಸದಲ್ಲಿ ಕಿಟಕಿಯ ಗಾಜೆಲ್ಲ ಮಂಜಾಗಿ ಹುಡುಗಿಯರು ಅದರ ಮೇಲೆ ಬೆರಳಿನಲ್ಲಿ ಹೂವು ಬಿಡಿಸುತ್ತಿದ್ದರು. ಟಿಕೆಟ್ಟು ಹರಿಯುವ ಕಂಡಕ್ಟರು ಕೈಗೆ ಊದಿಕೊಂಡು ಹರಿಯುತ್ತಿದ್ದ. ಇದನ್ನೆಲ್ಲ ಹೇಳಿದರೆ "ಆವಾಗ ನೀನು ತೆಳ್ಳಗಿದ್ದೆ, ಚಳಿ ಆಗ್ತಿತ್ತು" ಎಂಬ ಉತ್ತರ ಬಂತು. ಇಂಥವರ ಜೊತೆ ಬಾಳಬೇಕಾದರೆ ಸಾಕ್ಷಿ ಬೇಕು.

ಸಾಕ್ಷಿಯನ್ನು ಮೊದಲು ತಂದವರು ಅತ್ತೆ. ಒಂದು ದಿನ ಬೆಳಿಗ್ಗೆ ಕೊಬ್ಬರಿ ಎಣ್ಣೆ ಬಾಟಲಿಯನ್ನು ನನ್ನ ಮುಖದ ಮುಂದೆ ತಲೆಕೆಳಗು ಹಿಡಿದರು. ಎಣ್ಣೆ ಅಲ್ಲಾಡಲಿಲ್ಲ.

"ನೋಡವ್ವ, ಎಂಗೆ ಕಲ್ಲಾಗೈತೆ. ಸೆಕೆಯಂತೆ ಸೆಕೆ! ಎಣ್ಣೆಗೂ ಮುಟ್ಟು ನಿಂತೈತಾ?"

ನಗು ಬಂತು, ಸಿಟ್ಟೂ ಬಂತು. ಕೊಬ್ಬರಿ ಎಣ್ಣೆ ಗಟ್ಟಿಯಾಗಲು ಅಂಥ ದೊಡ್ಡ ಚಳಿಯೇನೂ ಬೇಡ, ಒಂದಿಷ್ಟು ತಂಪಿದ್ದರೆ ಸಾಕು ಎಂದು ವಿವರಿಸಿದೆ. ಹೈಸ್ಕೂಲಿನ ಮಕ್ಕಳು ಕೇಳುವಷ್ಟು ಗಮನ ಕೊಟ್ಟೇ ಅವರೂ ಕೇಳಿದರು, ಅಂದರೆ ಕೇಳಲಿಲ್ಲ.

ಆ ವಾರವೇ ನಾನೊಂದು ಉಷ್ಣಮಾಪಕ ತರಿಸಿದೆ. ಜ್ವರ ನೋಡುವುದಲ್ಲ. ಲಾಳದ ಆಕಾರದ ಕೊಳವೆಯೊಳಗೆ ಪಾದರಸ, ಅದರ ತಲೆಯ ಮೇಲೆ ಎರಡೂ ಕಡೆ ಒಂದೊಂದು ಸಣ್ಣ ಕಡ್ಡಿ. ರಾತ್ರಿ ಎಷ್ಟು ತಣ್ಣಗಾಯಿತೋ ಅಲ್ಲಿಗೆ ಒಂದು ಕಡ್ಡಿ ಹೋಗಿ ನಿಲ್ಲುತ್ತದೆ, ಬೆಳಿಗ್ಗೆ ನಾವು ನೋಡುವವರೆಗೂ ಅಲ್ಲೇ ಇರುತ್ತದೆ. ನೋಡಿ ಬರೆದುಕೊಂಡು ಗುಂಡಿ ಒತ್ತಿದರೆ ಮತ್ತೆ ಹೊಸ ಲೆಕ್ಕ. ರಾತ್ರಿಯೆಲ್ಲ ಎದ್ದು ಕೂತಿರಬೇಕಾಗಿಲ್ಲ. ನನ್ನ ಪರವಾಗಿ ಅದು ಎದ್ದಿರುತ್ತದೆ.

ಹಿತ್ತಲಲ್ಲಿ ಬಿಸಿಲು ಬೀಳದ, ಸೂರಿನ ನೆರಳಿರುವ ಜಾಗ ಹುಡುಕಿ, ಅಲ್ಲಿದ್ದ ಹಳೇ ಮೊಳೆಗೆ ನೇತುಹಾಕಿದೆ. ಮೊದಲ ಬೆಳಿಗ್ಗೆ ಕಡ್ಡಿ ಹದಿನೇಳು ಡಿಗ್ರಿಯಲ್ಲಿ ನಿಂತಿತ್ತು. ಧನುರ್ಮಾಸದಲ್ಲಿ ಹದಿನೇಳು! ನಾನು ಓಡಿಹೋಗಿ ಅಡುಗೆಮನೆಯ ಕ್ಯಾಲೆಂಡರಿನ ಆ ದಿನದ ಚೌಕದಲ್ಲಿ ಕೆಂಪು ಪೆನ್ನಿನಿಂದ ಬರೆದೆ. ಮರುದಿನವೂ ಅಷ್ಟೆ. ಅದರ ಮರುದಿನ ಇನ್ನೂ ಒಂದು ಮೇಲೆ. ತಿಂಡಿ ತಿನ್ನುತ್ತಿದ್ದ ನಮ್ಮ ಮನೆಯವರ ತಟ್ಟೆಯ ಪಕ್ಕದಲ್ಲಿ ಕ್ಯಾಲೆಂಡರು ಬಿಚ್ಚಿಟ್ಟೆ.

"ಹದಿನೇಳಂದ್ರೆ ಜಾಸ್ತೀನಾ ಕಮ್ಮೀನಾ?" ಎಂದರು. ಬಸ್ ಸ್ಟ್ಯಾಂಡಿನ ಹತ್ತಿರ ಎಲೆಕ್ಟ್ರಿಕಲ್ ಅಂಗಡಿ ಇಟ್ಟಿರುವ ಮನುಷ್ಯ ಕೇಳುವ ಪ್ರಶ್ನೆಯೇ ಇದು? ಹಿಂದಿನ ರಾತ್ರಿ ಊಟಕ್ಕೆ ಕೂತಾಗ ಇದೇ ಮನುಷ್ಯ "ಈಗೀಗ ಡಿಸೆಂಬರಲ್ಲೂ ಫ್ಯಾನು ಹೋಗ್ತಾವೆ, ವ್ಯಾಪಾರ ಪರವಾಗಿಲ್ಲ" ಎಂದಿದ್ದರು. ಯಾರು ಕೊಂಡುಕೊಳ್ಳುತ್ತಾರೆ, ಯಾಕೆ ಕೊಂಡುಕೊಳ್ಳುತ್ತಾರೆ ಎಂದು ಕೇಳಿದರೆ "ಊರಲ್ಲಿರೋ ಹೆಂಗಸ್ರಿಗೆಲ್ಲ ವಯಸ್ಸಾಗ್ತಿದೆ ಅಂತ ಕಾಣುತ್ತೆ" ಎಂದು ನಗುತ್ತಾ ಕೈ ತೊಳೆದರು. ಆ ದಿನ ಸಾರಿಗೆ ಉಪ್ಪು ಹಾಕಿದ್ದೆನೋ ಇಲ್ಲವೋ ನನಗೆ ನೆನಪಿಲ್ಲ.

ಆಗ ನನಗಿದ್ದ ಹಟ ಒಂದೇ. ಈ ಮನೆಯಲ್ಲಿ ಒಬ್ಬರಾದರೂ "ಹೌದು, ರಾತ್ರಿ ಬೆಚ್ಚಗಾಗಿದೆ, ನೀನು ಹೇಳಿದ್ದು ನಿಜ" ಅನ್ನಬೇಕು. ಅಷ್ಟೆ. ಹುಚ್ಚು ಹಿಡಿದಿಲ್ಲ ಇವಳಿಗೆ, ಇವಳ ಚರ್ಮ ಸುಳ್ಳು ಹೇಳುತ್ತಿಲ್ಲ ಅನ್ನಬೇಕು. ಎಲ್ಲದಕ್ಕೂ ನನ್ನ ವಯಸ್ಸನ್ನು ಮುಂದಿಟ್ಟರೆ ನಾನು ಯಾವ ಮಾತನ್ನು ನಂಬಿಸಲಿ? ರಾತ್ರಿ ನಿದ್ದೆಯಿಲ್ಲ, ಹಗಲು ಕೂತಲ್ಲಿ ಕೂರಲಾರೆ. ಸ್ಟಾಫ್ ರೂಮಿನಲ್ಲಿ ಯಾರು ಸಿಕ್ಕರೂ "ನಿಮ್ಮನೇಲಿ ರಾತ್ರಿ ಹೇಗಿತ್ತು?" ಎಂದು ಕೇಳುವ ಚಟ ಬೇರೆ ಹತ್ತಿತು. ಕೆಲವರು ಅದನ್ನು ಬೇರೆ ಅರ್ಥದಲ್ಲಿ ತೆಗೆದುಕೊಂಡು ಮುಖ ಕೆಂಪಗೆ ಮಾಡಿಕೊಂಡರು.

ಆ ಸಮಯಕ್ಕೆ ಅರಕಲಗೂಡಿನ ಕಡೆಯ ಹಳ್ಳಿಯಿಂದ ನನ್ನ ಅಕ್ಕ ಬಂದಳು. ಚೀಲದ ತುಂಬ ಅವರೆಕಾಯಿ. ನಾನು ಒಂದು ಕಾಯಿ ಮುರಿದು ಮೂಸಿ ನೋಡಿದೆ.

"ಸೊಗಡೇ ಇಲ್ವಲ್ಲಕ್ಕ."

"ಮಂಜು ಸರಿಯಾಗಿ ಬಿದ್ರೆ ತಾನೆ ಸೊಗಡು? ಈ ಸಲ ಯಾಕೋ ಬಿದ್ದಿಲ್ಲ ಕಣೇ."

ಅಕ್ಕನನ್ನು ತಬ್ಬಿಕೊಂಡುಬಿಡೋಣ ಅನ್ನಿಸಿತು. ಒಬ್ಬಳಾದರೂ ಸಿಕ್ಕಳು! ಉಷ್ಣಮಾಪಕ ತೋರಿಸುತ್ತೇನೆಂದು ಮರುದಿನ ಬೆಳಿಗ್ಗೆ ಅವಳನ್ನು ಹಿತ್ತಲಿಗೆ ಎಳೆದುಕೊಂಡು ಹೋದೆ. ಅಲ್ಲಿ ಅತ್ತೆ ಎಂದಿನಂತೆ ಬಚ್ಚಲುಮನೆಯ ಹೊರಗೋಡೆಗೆ ಬೆನ್ನು ಕೊಟ್ಟು, ಕಾಫಿ ಲೋಟವನ್ನು ಎರಡು ಕೈಯಲ್ಲಿ ಹಿಡಿದು ಕೂತಿದ್ದರು. ಅಕ್ಕನೂ ತನ್ನ ಕಾಫಿ ಲೋಟ ಹಿಡಿದು ಹೋಗಿ ಪಕ್ಕದಲ್ಲಿ ಕೂತು ಗೋಡೆಗೆ ಬೆನ್ನು ಹಚ್ಚಿದಳು.

"ಆಹಾ, ಎಷ್ಟು ಬೆಚ್ಚಗೈತತ್ತೆ ನಿಮ್ಮ ಗೋಡೆ!"

"ಒಳಗೆ ಹಂಡೆ ಒಲೆ ಐತಲ್ಲವ್ವ. ಧನುರ್ಮಾಸ ಅಂತ ನಾನು ಕೋಳಿ ಕೂಗೋಕೆ ಮುಂಚೆ ಬೆಂಕಿ ಹಾಕ್ಬುಡ್ತೀನಿ. ನಮ್ಮ ಹುಡ್ಗ ಸ್ನಾನ ಮಾಡ್ಕಂಡು ದೇವಸ್ಥಾನಕ್ಕೋಗ್ಬೇಕಲ್ಲ."

ಹುಡುಗ ಎಂದರೆ ನಮ್ಮ ಮನೆಯವರು. ನಾನು ತಲೆಯೆತ್ತಿ ನೋಡಿದೆ. ಉಷ್ಣಮಾಪಕ ಅವರಿಬ್ಬರ ತಲೆಯ ಮೇಲೆ, ಅದೇ ಗೋಡೆಯ ಮೊಳೆಯಲ್ಲಿ ನೇತಾಡುತ್ತಿತ್ತು. ರಾತ್ರಿ ತೀರಾ ತಣ್ಣಗಾಗುವುದೇ ಸೂರ್ಯ ಹುಟ್ಟುವ ಮುಂಚಿನ ಗಳಿಗೆಯಲ್ಲಿ. ಆ ಗಳಿಗೆಗೆ ಸರಿಯಾಗಿ ಒಳಗೆ ಅತ್ತೆ ತೆಂಗಿನ ಮಟ್ಟೆ ಉರಿಸುತ್ತಿದ್ದಾರೆ, ಹೊರಗೆ ನಾನು ಹವಾಮಾನ ಅಳೆಯುತ್ತಿದ್ದೇನೆ! ಮದುವೆಯಾಗಿ ಬಂದ ವರ್ಷದಿಂದ ಚಳಿಗಾಲದಲ್ಲಿ ನಾನೂ ಆ ಗೋಡೆಗೆ ಬೆನ್ನು ಕಾಯಿಸಿದವಳೇ. ಬೆನ್ನಿಗೆ ಗೊತ್ತಿದ್ದದ್ದು ವಿಜ್ಞಾನದ ಟೀಚರ ತಲೆಗೆ ಹೊಳೆಯಲಿಲ್ಲ.

ಅತ್ತೆ ನನ್ನ ಮುಖ ನೋಡಿದರು, ಮೇಲೆ ಉಷ್ಣಮಾಪಕ ನೋಡಿದರು. ಅವರಿಗೆ ಅರ್ಥವಾಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ.

"ಅಯ್ಯೋ ನಮ್ಮವ್ವ! ನಿನ್ನ ಮಿಷೀನೂ ನನ್ನಂಗೇ ಚಳಿ ಕಾಯಿಸ್ಕಂಡು ಕೂತೈತಲ್ಲೇ!"

ನಗು ಅಂದರೆ ನಗು. ಅಕ್ಕ ಕಾಫಿ ಚೆಲ್ಲಿಕೊಂಡಳು. ದೇವಸ್ಥಾನದಿಂದ ಹುಗ್ಗಿ ಪ್ರಸಾದ ತಂದ ನಮ್ಮ ಮನೆಯವರಿಗೆ ಅತ್ತೆ ಇನ್ನೊಮ್ಮೆ ಹೇಳಿದರು, ಅವರು ಅಂಗಡಿಗೆ ಹೋಗಿ ಅಲ್ಲಿ ಹೇಳಿದರು. ಸಂಜೆ ಹೂವು ಮಾರುವವಳೂ "ಮಿಷೀನ್‌ಗೆ ಚಳಿಯಂತಲ್ಲ ಮೇಡಂ?" ಎಂದಳು. ನಾನು ಕೋಣೆಯ ಬಾಗಿಲು ಹಾಕಿಕೊಂಡು ಅತ್ತುಬಿಟ್ಟೆ. ಅವಮಾನವಾಯಿತು ಅಂತಲ್ಲ. ಇನ್ನು ಮೇಲೆ ನಾನು ಏನೇ ಹೇಳಿದರೂ ಈ ಗೋಡೆಯ ಕಥೆ ಅಡ್ಡ ಬರುತ್ತದಲ್ಲ ಅಂತ.

ಮರುದಿನವೇ ಟೊಮ್ಯಾಟೊ ತುಂಬುವ ಪ್ಲಾಸ್ಟಿಕ್ ಕ್ರೇಟೊಂದನ್ನು ತಂದು, ಬಿಳಿ ಬಣ್ಣ ಬಳಿದು, ಹಿತ್ತಲ ತುದಿಯ ಸೀಬೆಮರದ ಆಚೆ ಒಂದು ಕಂಬಕ್ಕೆ ಎದೆಮಟ್ಟದಲ್ಲಿ ಕಟ್ಟಿ, ಉಷ್ಣಮಾಪಕವನ್ನು ಅದರೊಳಗಿಟ್ಟೆ. ಗಾಳಿ ಆಡುತ್ತದೆ, ಬಿಸಿಲು ತಾಗುವುದಿಲ್ಲ, ಒಲೆಯ ಹಂಗಿಲ್ಲ. ಪಾರಿವಾಳ ಸಾಕುತ್ತೀರಾ ಎಂದು ಪಕ್ಕದ ಮನೆಯವರು ಕೇಳಿದರು. ಬೆಳಿಗ್ಗೆ ನೋಡಿದರೆ ಕಡ್ಡಿ ಹದಿನಾಲ್ಕಕ್ಕೆ ಇಳಿದಿತ್ತು. ಕ್ಯಾಲೆಂಡರಿನಲ್ಲಿ ಹಳೇ ಅಂಕಿಗಳನ್ನೆಲ್ಲ ಹೊಡೆದುಹಾಕಿ ಹೊಸದನ್ನು ಬರೆದೆ. "ನೋಡಿದ್ಯಾ, ಚಳಿ ಐತೆ" ಎಂದು ಅತ್ತೆ ಕಂಬಳಿಯನ್ನು ಇನ್ನೂ ಒಂದು ಸುತ್ತು ಸುತ್ತಿಕೊಂಡರು. ಫ್ಯಾನು ಒಂದು ವಾರ ತಿರುಗಲಿಲ್ಲ.

ಸುಮ್ಮನಾಗಬಹುದಿತ್ತು. ಆದರೆ ನನ್ನ ಒಂದು ದಿನದ ಹದಿನಾಲ್ಕು ಜಾಸ್ತಿಯೋ ಕಮ್ಮಿಯೋ ಎಂದು ಹೇಳಲು ಹಿಂದಿನ ರಾತ್ರಿಗಳು ಬೇಕಲ್ಲ? ಹಾಸನದ ಹಳೆಯ ವರ್ಷಗಳ ದಿನದಿನದ ಗರಿಷ್ಠ, ಕನಿಷ್ಠ ತಾಪಮಾನ ಇಂಟರ್‌ನೆಟ್ಟಿನಲ್ಲಿ ಸಿಕ್ಕಿತು. ಗ್ರಾಫ್ ಹಾಳೆಗಳನ್ನು ಗೋಂದು ಹಚ್ಚಿ ಉದ್ದಕ್ಕೆ ಅಂಟಿಸಿ, ನಡುಮನೆಯಲ್ಲಿ ಹಾಸಿಕೊಂಡು, ಬರೀ ಧನುರ್ಮಾಸದ ರಾತ್ರಿಗಳನ್ನು ಆರಿಸಿ ಚುಕ್ಕಿ ಇಡುತ್ತಾ ಕೂತೆ. "ಇದೇನವ್ವ, ಸಂಕ್ರಾಂತಿಗೆ ಈಗ್ಲೇ ರಂಗೋಲಿನಾ?" ಎಂದು ಅತ್ತೆ ಅದನ್ನು ದಾಟಿಕೊಂಡು ಓಡಾಡಿದರು. ಗೆರೆ ಮೊದಲು ಏನನ್ನೂ ಹೇಳಲಿಲ್ಲ. ಒಂದು ವರ್ಷ ಮೇಲೆ, ಮರುವರ್ಷ ದಡಕ್ಕನೆ ಕೆಳಗೆ, ಗರಗಸದ ಹಲ್ಲಿನ ಹಾಗೆ. ಹತ್ತತ್ತು ವರ್ಷ ಗುಡ್ಡೆ ಹಾಕಿ ಸರಾಸರಿ ತೆಗೆದಾಗ ಮಾತ್ರ ಮೆಲ್ಲಗೆ ಮೇಲಕ್ಕೆ ವಾಲುವುದು ಕಂಡಿತು. ಹಗಲಿನ ಬಿಸಿಲು ಅಷ್ಟೇನೂ ಬದಲಾಗಿರಲಿಲ್ಲ. ಬದಲಾಗಿದ್ದುದು ರಾತ್ರಿ, ಯಾರೂ ನೋಡದ ಹೊತ್ತು. ಏರಿಕೆ ಸಣ್ಣದೇ, ಆದರೆ ಏರಿದ್ದು ವಾಪಸು ಇಳಿಯುತ್ತಿರಲಿಲ್ಲ.

ಗೆದ್ದೆ ಎಂದುಕೊಂಡೆನೇ? ಇಲ್ಲ. ಬಚ್ಚಲ ಗೋಡೆ ನನ್ನ ತಲೆಯಲ್ಲಿ ಕೂತುಬಿಟ್ಟಿತ್ತು. ಆ ಕಾಲದಲ್ಲಿ ಇದನ್ನೆಲ್ಲ ಎಲ್ಲಿಟ್ಟು ಅಳೆದರೋ, ಆಗ ಹೊಲವಿದ್ದ ಕಡೆ ಈಗ ಎಷ್ಟು ಮನೆ ಎದ್ದಿವೆಯೋ, ಹಗಲೆಲ್ಲ ಕಾದ ತಾರಸಿಗಳು ರಾತ್ರಿಯೆಲ್ಲ ಎಷ್ಟು ಬಿಸಿ ಬಿಡುತ್ತವೆಯೋ. ಊರಿಗೆ ಊರೇ ಈಗ ಒಂದು ಬಚ್ಚಲ ಗೋಡೆಯಾಗಿರಬಹುದಲ್ಲ? ಹಾಗೆಂದುಕೊಂಡರೂ ಸಮಾಧಾನವಿಲ್ಲ. ಯಾವುದರಿಂದ ಬೆಚ್ಚಗಾದರೇನು, ಬೆಚ್ಚಗಾದದ್ದು ನಿಜವೇ ತಾನೆ? ಹೀಗೆ ನನ್ನೊಂದಿಗೆ ನಾನೇ ಜಗಳವಾಡುತ್ತಾ ಬೇಳೆ ಸೀಯಿಸಿದ್ದೂ ಉಂಟು.

ಒಂದು ಸಂಜೆ ಅತ್ತೆ ಹಾಲಿಗೆ ಹೆಪ್ಪು ಹಾಕುತ್ತಿದ್ದರು. ಬೆರಳ ತುದಿಯಲ್ಲಿ ಚೂರು ಮಜ್ಜಿಗೆ ಮುಟ್ಟಿಸಿ, ಪಾತ್ರೆಯನ್ನು ಹಾಗೇ ಕಲ್ಲಿನ ಕಟ್ಟೆಯ ಮೇಲಿಟ್ಟು ಮುಚ್ಚಿದರು. ನಾನು ಚಪಾತಿ ಲಟ್ಟಿಸುತ್ತಿದ್ದವಳು ನಿಲ್ಲಿಸಿದೆ. ನಾನು ಬಂದ ಹೊಸತರಲ್ಲಿ ಚಳಿಗಾಲಕ್ಕೆ ಒಂದು ಸೌಟು ಹೆಪ್ಪು ಬಿಟ್ಟು, ಪಾತ್ರೆಗೆ ಹಳೇ ಕಂಬಳಿ ತುಂಡು ಸುತ್ತಿ, ಒಲೆಯ ಪಕ್ಕ ಬೂದಿಯ ಬಿಸಿಯಲ್ಲಿ ಇಡುತ್ತಿದ್ದರು. ಅಷ್ಟಾದರೂ ಕೆಲವು ದಿನ ಮೊಸರು ಆಗುತ್ತಿರಲಿಲ್ಲ, ಬೈಗುಳ ನನಗೆ ಬೀಳುತ್ತಿತ್ತು.

"ಅತ್ತೆ, ಆ ಕಂಬಳಿ ತುಂಡು ಎಲ್ಲಿ?"

"ಅದ್ಯಾತಕ್ಕವ್ವ ಈಗ? ಸುತ್ತಿದ್ರೆ ಬೆಳಗಾಗೋ ಒತ್ಗೆ ಉಳಿ ಬಂದ್ಬುಡ್ತೈತೆ."

"ಯಾವಾಗಿಂದ ಸುತ್ತೋದು ಬಿಟ್ರಿ?"

ಅತ್ತೆ ಯೋಚಿಸಿದರು. ಬಾಯಲ್ಲಿ ಚಳಿ ಚಳಿ ಅನ್ನುವವರು ಮೊಸರಿನ ಪಾತ್ರೆಗೆ ಕಂಬಳಿ ಬೇಡವೆಂದು ಯಾವತ್ತೋ ತೀರ್ಮಾನ ಮಾಡಿಬಿಟ್ಟಿದ್ದಾರೆ! ಈಗ ಒಪ್ಪಿಕೊಳ್ಳುತ್ತಾರೆ, ಒಪ್ಪಿಕೊಳ್ಳಲೇಬೇಕು.

"ಈ ಪಾಕೀಟು ಹಾಲು ಸರಿ ಇಲ್ಲ ಕಣವ್ವ" ಎಂದರು ಅತ್ತೆ. "ಮೊದ್ಲು ದುದ್ದದ ಕಡೆಯಿಂದ ನಮ್ಮ ನೆಂಟ್ರು ತತ್ತಿದ್ದ ಹಾಲು ಹಿಂಗಿರ್ನಿಲ್ಲ."

ಲಟ್ಟಣಿಗೆಯನ್ನು ಕೆಳಗಿಟ್ಟು ಹೊರಗೆ ಹೋಗಿ ನಿಂತುಕೊಂಡೆ. ಇಲ್ಲದಿದ್ದರೆ ಅದನ್ನು ಎತ್ತಿ ಎಸೆಯುತ್ತಿದ್ದೆನೇನೋ.

ಹೀಗೇ ಕ್ಯಾಲೆಂಡರುಗಳು ಬದಲಾದವು. ಬೆಳಿಗ್ಗೆ ಎದ್ದು ಸೀಬೆಮರದ ಹತ್ತಿರ ಹೋಗುವುದು, ಕಡ್ಡಿ ನೋಡುವುದು, ಬರೆಯುವುದು, ಗುಂಡಿ ಒತ್ತುವುದು ಹಲ್ಲುಜ್ಜುವಷ್ಟೇ ರೂಢಿಯಾಯಿತು. ನಡುವೆ ಡಾಕ್ಟರಮ್ಮ ಹೇಳಿದ್ದ ಗಡುವೂ ಮುಗಿದಿರಬೇಕು. ಒಂದು ದಿನ ತರಗತಿಯಲ್ಲಿ ಪಾಠ ಮುಗಿಸಿದಾಗ ಗಮನಕ್ಕೆ ಬಂತು, ಎಷ್ಟೋ ವಾರಗಳಿಂದ ಆ ಬಿಸಿ ಏರಿರಲಿಲ್ಲ. ಮುಟ್ಟೂ ಪೂರ್ತಿ ನಿಂತಿತ್ತು. ಆ ಸಲದ ಚಳಿಗಾಲದ ಮೊದಲ ವಾರ ಕಾಲು ತಣ್ಣಗಾಗಿ ಎಚ್ಚರಾಯಿತು. ಎದ್ದು ಪೆಟ್ಟಿಗೆಯಿಂದ ಹೊದಿಕೆ ತೆಗೆದು ಹೊದ್ದುಕೊಂಡೆ. ಎಂಥ ಸುಖ ಅದು! ಹಾಗಾದರೆ ಅದೆಲ್ಲ ನನ್ನ ಮೈಯದೇ ಆಗಿತ್ತೇನೋ, ಇಷ್ಟು ವರ್ಷ ಸುಮ್ಮನೆ ಜಗಳವಾಡಿದೆನೇನೋ. ಸೋತೆ ಅನ್ನಿಸಿದ್ದಕ್ಕೆ ನಾನು ಅಷ್ಟು ಖುಷಿಪಟ್ಟದ್ದು ಅದೇ ಮೊದಲು. ಅತ್ತೆಗೆ ಮರುದಿನ "ಫ್ಯಾನ್ ಇನ್ನು ನಿಮ್ಮಿಷ್ಟ" ಎಂದೆ. ಕೆಲವು ದಿನ ಸೀಬೆಮರದ ಕಡೆ ಹೋಗಲೂ ಇಲ್ಲ. ಆ ಚೌಕಗಳು ಖಾಲಿ ಉಳಿದವು. ಆಮೇಲೆ ರೂಢಿ ಬಿಡದೆ ಮತ್ತೆ ನೋಡಿ ಬರೆಯತೊಡಗಿದೆ.

ಸಂಕ್ರಾಂತಿಗೆ ಸ್ವಲ್ಪ ಮುಂಚೆ ಒಂದು ಬೆಳಿಗ್ಗೆ ಹಿತ್ತಲಿಗೆ ಬಂದರೆ ಅತ್ತೆ ಬಚ್ಚಲ ಗೋಡೆಯ ಹತ್ತಿರ ಇರಲಿಲ್ಲ. ಸೀಬೆಮರದ ಕೆಳಗೆ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತಿದ್ದರು. ತಲೆಗೆ ಬಟ್ಟೆಯಿಲ್ಲ, ಹೆಗಲ ಮೇಲೆ ಶಾಲಿಲ್ಲ. ಸೆರಗಿನ ತುದಿಯಿಂದ ಕತ್ತು ಒರೆಸಿಕೊಳ್ಳುತ್ತಿದ್ದರು. ಕಾಫಿ ಲೋಟ ಪಕ್ಕದಲ್ಲಿ ಹಾಗೇ ಇತ್ತು. ಜ್ವರವೇನೋ ಎಂದು ಹಣೆ ಮುಟ್ಟಿ ನೋಡಿದೆ, ಇರಲಿಲ್ಲ.

"ಯಾಕತ್ತೆ, ಇಲ್ಲಿ ಕೂತಿದೀರಿ?"

"ರಾತ್ರಿಯೆಲ್ಲ ಸೆಕೆ ಕಣವ್ವ. ಕಂಬಳಿ ಹೊದೆಯೋಕಾಗ್ನಿಲ್ಲ. ನೀನು ಚೆನ್ನಾಗಿ ಮಲಗಿದ್ದೆ, ಎಬ್ಬಿಸ್ಬಾರ್ದು ಅಂತ ಸುಮ್ಕಿದ್ದೆ." ಆಮೇಲೆ ದನಿ ತಗ್ಗಿಸಿ ಕೇಳಿದರು: "ಈ ವಯಸ್ನಲ್ಲಿ ನಂಗೂ ನಿನ್ನ ಕಾಯ್ಲೆ ಬಂದೈತಾ?"

ಎಂಬತ್ತರ ಹತ್ತಿರದ ಹೆಂಗಸು. ನಗೆಯಾಡುತ್ತಿರಲಿಲ್ಲ, ಕಣ್ಣಲ್ಲಿ ನಿಜವಾದ ಭಯವಿತ್ತು. ತಲೆಯ ಪಕ್ಕದಲ್ಲೇ ಬಿಳಿ ಕ್ರೇಟು. ನಾನು ನಿಂತ ಕಡೆಯಿಂದಲೇ ಕಡ್ಡಿ ಕಾಣುತ್ತಿತ್ತು. ಈ ಕಂಬಕ್ಕೆ ಕಟ್ಟಿದ ಮೇಲೆ ಧನುರ್ಮಾಸದಲ್ಲಿ ಅದು ಅಷ್ಟು ಮೇಲೆ ನಿಂತದ್ದನ್ನು ನಾನು ನೋಡಿರಲಿಲ್ಲ. ಇಷ್ಟು ವರ್ಷ ಕಾದದ್ದು ಇದೊಂದು ಮಾತಿಗೇ. ನೋಡಿದಿರಾ ಅತ್ತೆ, ನಾನು ಹೇಳಿರಲಿಲ್ಲವಾ ಎಂದು ಕುಣಿಯಬೇಕಿತ್ತು. ನನಗೆ ಅಳು ಬಂತು. ನನ್ನ ಮೈಯೇ ಸುಳ್ಳು ಹೇಳಿದ್ದಿದ್ದರೆ, ಆ ಗೋಡೆಯ ನಗುವಿನಲ್ಲೇ ಎಲ್ಲ ಮುಗಿದಿದ್ದರೆ ಎಷ್ಟು ಚೆನ್ನಾಗಿತ್ತು!

ಅವರ ಪಕ್ಕದಲ್ಲಿ ಕಲ್ಲಿನ ಮೇಲೆ ಕೂತೆ.

"ಹೂಂ ಅತ್ತೆ, ಮೈಯದೇ" ಎಂದೆ. "ಕೆಲವ್ರಿಗೆ ತಡವಾಗಿ ಬರುತ್ತೆ."

"ಓಯ್ತದಾ?"

"ಹೋಗುತ್ತೆ. ಎರಡು ಮೂರು ವರ್ಷ ಅಷ್ಟೆ. ನಂದು ಹೋಗ್ಲಿಲ್ವಾ?"

"ಅಂಗಾರೆ ಸರಿ ಬುಡು" ಎಂದು ಅತ್ತೆ ಆರಿದ ಕಾಫಿಯನ್ನು ಕೈಗೆತ್ತಿಕೊಂಡರು. "ನಾನು ಏನೇನೋ ಅಂದ್ಕಂಬುಟ್ಟೆ."

ಅವರು ಕುಡಿದು ಮುಗಿಸುವವರೆಗೂ ಜೊತೆಯಲ್ಲಿ ಕೂತಿದ್ದೆ. ಒಳಗೆ ಹೋಗುವ ಮುಂಚೆ ಕ್ರೇಟಿನೊಳಗೆ ಕೈ ಹಾಕಿ ಗುಂಡಿ ಒತ್ತಿದೆ. ಕ್ಯಾಲೆಂಡರಿನ ಆ ದಿನದ ಚೌಕದಲ್ಲಿ, ಅತ್ತೆಯ ಕಣ್ಣಿಗೆ ಬೀಳದಷ್ಟು ಸಣ್ಣ ಅಕ್ಷರದಲ್ಲಿ ಅಂಕಿ ಬರೆದೆ. ಆ ರಾತ್ರಿ ಮಲಗುವಾಗ ಫ್ಯಾನು ಹಾಕಿದ್ದು ನಾನು, ಹೊದಿಕೆಯನ್ನು ಕತ್ತಿನವರೆಗೆ ಎಳೆದುಕೊಂಡವಳೂ ನಾನೇ.